ಕಾರ್ಡಿಗೆ ಬಂದ ಚಾಳೀಸು

ಸ್ಕ್ರೂ ಇರುವ ಯಾವ ವಸ್ತುವೂ ತಮ್ಮ ಮಾತು ಮೀರುವುದಿಲ್ಲ ಎಂಬುದು ಈ ಕಥೆಯ ಯಜಮಾನರ ನಂಬಿಕೆ. ಮೂವತ್ತೆರಡು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ ಅದು. ಊರಿನ ಅರ್ಧ ಜನ ಇವರ ದಯೆಯಿಂದ ಆಫೀಸಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು, ಉಳಿದರ್ಧ ಜನ ಇವರ ಹೆಸರು ಹೇಳಿಕೊಂಡು ತಡವಾಗಿ ಹೋಗುತ್ತಿದ್ದರು. ಈಗ ಎಲ್ಲರೂ ಫೋನು ನೋಡಿ ಟೈಮು ತಿಳಿಯುವವರೇ. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಅಲ್ಲಿಂದೀಚೆಗೆ ಮನೆಯಲ್ಲಿ ಸ್ಕ್ರೂ ಇದ್ದ ವಸ್ತುಗಳನ್ನೆಲ್ಲ ಒಂದು ಸಲ ಬಿಚ್ಚಿ ಜೋಡಿಸಿದ್ದಾಯಿತು. (ಮಿಕ್ಸಿ ಈಗ ಮೊದಲಿಗಿಂತ ಚೆನ್ನಾಗಿ ಸದ್ದು ಮಾಡುತ್ತದೆ. ರುಬ್ಬುವುದು ಬೇರೆ ವಿಷಯ.)

ಅವರ ಹೆಂಡತಿ ಹೊಲಿಗೆ ಟೀಚರು. ಮನೆಗೆ ಬಂದು ಕಲಿಯುವವರ ಜೊತೆಗೆ, ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಕಲಿಯುತ್ತೇವೆ ಎಂದು ಹದಿನಾಲ್ಕು ಜನ ಹೊಸದಾಗಿ ಹೆಸರು ಕೊಟ್ಟಿದ್ದರು. ಮೊದಲ ಕ್ಲಾಸು ಆ ದಿನ ನಾಲ್ಕು ಗಂಟೆಗೆ. ಆದರೆ ನಾಲ್ಕು ದಿನದಿಂದ ಲ್ಯಾಪ್‌ಟಾಪಿಗೆ ನೆಟ್ಟೇ ಬರುತ್ತಿರಲಿಲ್ಲ. ಫೋನಿಗೆ ಅದರದೇ ನೆಟ್ಟು ಇತ್ತು. ಆದರೆ ಅಂಗೈಯಗಲದ ಫೋನಿನಲ್ಲಿ ಗುಂಡಿಯ ಕಾಜಾ ಹೊಲಿಯುವುದನ್ನು ತೋರಿಸಿದರೆ ನೋಡುವವರಿಗೆ ಕಾಣುವುದು ಟೀಚರ ಹೆಬ್ಬೆರಳೊಂದೇ.

"ರೀ, ಕಂಪ್ಯೂಟರ್ ಅಂಗಡಿಯವರನ್ನ ಕರೀತೀನಿ," ಎಂದರು ಹೆಂಡತಿ ಬೆಳಿಗ್ಗೆ.

"ಯಾಕೆ? ಮನೇಲಿ ನಾನಿಲ್ವಾ?"

"ಇದ್ದೀರಲ್ಲ, ಅದಕ್ಕೇ ಬೇಗ ಕರೀತೀನಿ ಅಂದಿದ್ದು."

ಯಜಮಾನರಿಗೆ ನಿಜವಾಗಿಯೂ ಬೇಜಾರಾಯಿತು. ಎರಡು ವರ್ಷದಲ್ಲಿ ಒಬ್ಬನಾದರೂ "ಸ್ವಾಮೀ, ಇದೊಂದು ನೋಡಿಕೊಡಿ" ಎಂದು ಬಾಗಿಲು ತಟ್ಟಿರಲಿಲ್ಲ. ಈಗ ಮನೆಯ ವಸ್ತು ಕೆಟ್ಟರೂ ಹೊರಗಿನವನನ್ನು ಕರೆಯುವುದಾದರೆ ತಾವಿದ್ದೂ ದಂಡವೇ ಎನಿಸಿತು. ಆದರೆ ಬಾಯಲ್ಲಿ ಹಾಗೆ ಹೇಳುವುದುಂಟೇ? ಗಂಟಲು ಸರಿಮಾಡಿಕೊಂಡು ಲ್ಯಾಪ್‌ಟಾಪನ್ನು ಎಳೆದುಕೊಂಡರು. ಪರದೆಯ ಮೇಲೆ ಸುತ್ತಲಿನ ನೆಟ್‌ವರ್ಕುಗಳ ಪಟ್ಟಿ ಬಂತು. ಮೇಲಿನ ಮನೆಯವರದಿತ್ತು, ಎದುರು ಮನೆಯವರದಿತ್ತು, ಬೀದಿಯ ಕೊನೆಯ ಹಲ್ಲಿನ ಡಾಕ್ಟರದೂ ಇತ್ತು. ಇವರ ಮನೆಯದೊಂದೇ ಇರಲಿಲ್ಲ.

"ಗೊತ್ತಾಯ್ತು ಬಿಡು!" ಎಂದು ತೊಡೆ ತಟ್ಟಿದರು. "ದೂರದ್ದು ಕಾಣುತ್ತೆ, ಹತ್ತಿರದ್ದು ಕಾಣಲ್ಲ. ಇದರೊಳಗೆ ನೆಟ್ ಹಿಡಿಯೋ ಕಾರ್ಡ್ ಅಂತ ಒಂದಿರುತ್ತೆ. ಅದಕ್ಕೆ ಚಾಳೀಸು ಬಂದಿದೆ."

"ಏನು ಬಂದಿದೆ?"

"ಚಾಳೀಸು ಕಣೇ! ನನಗೆ ನಲವತ್ತಕ್ಕೆ ಬಂತಲ್ಲ, ಹಾಗೆ. ಇದಕ್ಕೆ ಎಂಟು ವರ್ಷಕ್ಕೇ ಬಂದಿದೆ, ಪಾಪ."

ಇಷ್ಟು ಖಚಿತವಾಗಿ ಹೇಳುವ ಮನುಷ್ಯನ ಎದುರು ಯಾರು ತಾನೇ ವಾದ ಮಾಡುತ್ತಾರೆ? ಟೀಚರು ಮಾಡಿದರು, ಹದಿನೈದು ನಿಮಿಷ ಮಾಡಿದರು. ಕೊನೆಗೆ "ಮೂರೂವರೆ ತನಕ ಟೈಮು. ಆಮೇಲೂ ಬರದಿದ್ದರೆ ಅವರಿಗೆ ಫೋನು," ಎಂಬ ಒಪ್ಪಂದವಾಯಿತು.

ಯಜಮಾನರು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ತಾವೇ ಹೊಸ ಕಾರ್ಡು ತರಲು ಹೊರಟರು. ಕಂಪ್ಯೂಟರ್ ಅಂಗಡಿಯವನು ಮರ್ಯಾದಸ್ಥ. ಲ್ಯಾಪ್‌ಟಾಪಿನ ನಂಬರು ನೋಡಿ ಅದಕ್ಕೆ ಹೊಂದುವ ಕಾರ್ಡು ಕೊಟ್ಟ. ಬ್ಯಾಟರಿ ತೆಗೆದ ಮೇಲೆಯೇ ಒಳಗೆ ಕೈ ಹಾಕಿ ಎಂದ, ಕಾರ್ಡಿಗೆ ಸಿಕ್ಕಿಸಿರುವ ಕೂದಲಿನಂಥ ಎರಡು ತಂತಿಗಳನ್ನು ಎಳೆದು ಕೀಳಬೇಡಿ ಎಂದ. ಕೊನೆಗೆ, "ಮನೇಲಿರೋ ನೆಟ್ ಪೆಟ್ಟಿಗೆ ಸರಿಯಾಗಿದೆಯಾ ಸಾರ್? ಒಂದ್ಸಲ ಅದನ್ನ ನೋಡಿಬಿಡಿ," ಎಂದೂ ಹೇಳಿದ.

"ಅದರ ಯೋಚನೆ ನಿಮಗೆ ಬೇಡ," ಎಂದರು ಯಜಮಾನರು. "ಅದರ ಹತ್ತಿರ ಧೂಳೂ ಸುಳಿಯಲ್ಲ."

ಮನೆಗೆ ಬಂದವರೇ ಹೊಲಿಗೆ ಕೋಣೆಯನ್ನು ಆಪರೇಷನ್ ಥಿಯೇಟರ್ ಮಾಡಿದರು. ಫ್ಯಾನು ಬಂದ್, ಕಿಟಕಿ ಬಂದ್. ಹೆಂಡತಿ ಸೀನುವುದೂ ಬಂದ್. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಲ್ಯಾಪ್‌ಟಾಪನ್ನು ಬೋರಲು ಹಾಕಿ ಬ್ಯಾಟರಿ ಕಳಚಿದರು. ಬೆನ್ನಿನಲ್ಲಿ ಹನ್ನೆರಡು ಸ್ಕ್ರೂ. ಒಂದೊಂದನ್ನೂ ತೆಗೆದು ತಟ್ಟೆಯಲ್ಲಿ ಗಡಿಯಾರದ ಅಂಕಿಗಳು ಇರುವ ಹಾಗೆ ದುಂಡಗೆ ಜೋಡಿಸಿದರು. ಮುಚ್ಚಳ ಎತ್ತಿದರೆ ಒಳಗೆ ಬೆಂಕಿಪೊಟ್ಟಣದ ಅರ್ಧ ಗಾತ್ರದ ಹಸಿರು ಬಿಲ್ಲೆ, ಅದಕ್ಕೆ ಕಪ್ಪೊಂದು ಬಿಳಿಯೊಂದು ತಂತಿ. ಚಿಮ್ಮಟದಲ್ಲಿ ತಂತಿಗಳನ್ನು ಮೆಲ್ಲಗೆ ಎಬ್ಬಿಸಿ, ಒಂದೇ ಒಂದು ಸ್ಕ್ರೂ ಸಡಿಲಿಸಿದರು. ಕಾರ್ಡು ತಾನಾಗಿ ತಲೆ ಎತ್ತಿತು. ಹೊಸದನ್ನು ಓರೆಯಾಗಿ ತೂರಿಸಿ, ಒತ್ತಿ ಮಲಗಿಸಿ, ಸ್ಕ್ರೂ ಬಿಗಿದು, ಕಪ್ಪು ತಂತಿ ಕಪ್ಪಿನ ಜಾಗಕ್ಕೆ, ಬಿಳಿಯದು ಬಿಳಿಯ ಜಾಗಕ್ಕೆ ಟಿಕ್ ಎನ್ನುವ ಹಾಗೆ ಒತ್ತಿದರು. ಕೈ ಒಂದು ಚೂರೂ ನಡುಗಲಿಲ್ಲ. ನೋಡುತ್ತ ನಿಂತಿದ್ದ ಹೆಂಡತಿಗೂ, ಹೇಳಬಾರದು, ಒಳಗೊಳಗೇ ಹೆಮ್ಮೆಯಾಯಿತು.

"ಏಳು ಗಂಟೆ ಕೊಡು," ಎಂದು ಯಜಮಾನರು ತಲೆಯೆತ್ತದೆ ಕೈ ಚಾಚಿದರು.

"ಕ್ಲಾಸಿಗೆ ಹೊತ್ತಾಗ್ತಿದೆ, ತಟ್ಟೆಯಲ್ಲಿ ಕಾಲು ಗಂಟೆ, ಅರ್ಧ ಗಂಟೆ ಏನಾದ್ರೂ ಇದೆಯಾ?"

"ಹಾಸ್ಯ ಸಾಕು. ಏಳು ಕೊಡು, ಆಮೇಲೆ ಎಂಟು."

ಹನ್ನೆರಡೂ ಗಂಟೆಗಳು ಅವವುಗಳ ತೂತು ಸೇರಿದವು, ಒಂದೂ ಮಿಕ್ಕಲಿಲ್ಲ. ಬ್ಯಾಟರಿ ಹಾಕಿ ಲ್ಯಾಪ್‌ಟಾಪ್ ತೆರೆದರೆ, ಅದು ಹೊಸ ಕಾರ್ಡನ್ನು ಹೊಸ ಸೊಸೆಯನ್ನು ನೋಡಿದ ಹಾಗೆ ನೋಡಿತು. ಇವಳ ಪರಿಚಯ ನನಗಿಲ್ಲ, ಡ್ರೈವರ್ ಎಂಬ ಪರಿಚಯಪತ್ರ ಬೇಕು, ನೆಟ್ಟಿನಿಂದ ಇಳಿಸಿಕೊಳ್ಳಿ ಎಂದಿತು. ನೆಟ್ ಬೇಕಾದರೆ ಡ್ರೈವರ್ ಬೇಕು, ಡ್ರೈವರ್ ಬೇಕಾದರೆ ನೆಟ್ ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎಂದ ಹಾಗಾಯಿತು. ಯಜಮಾನರು ಭೂತಗನ್ನಡಿ ಕೆಳಗಿಟ್ಟು ಗೋಡೆ ನೋಡತೊಡಗಿದರು. ಇದಕ್ಕೆ ಸ್ಕ್ರೂ ಇರಲಿಲ್ಲವಲ್ಲ!

ಹೆಂಡತಿ ಪಕ್ಕದಲ್ಲಿದ್ದ ಕಾರ್ಡಿನ ಖಾಲಿ ಡಬ್ಬಿಯನ್ನು ಬೋರಲು ಹಾಕಿ ಕೊಡವಿದರು. ಒಂದು ಪುಟ್ಟ ಪೆನ್ ಡ್ರೈವ್ ಬಿತ್ತು. ಅಂಗಡಿಯವನು ತಿಳಿದವನು, ಡ್ರೈವರನ್ನು ಮೊದಲೇ ಅದರಲ್ಲಿ ತುಂಬಿಸಿ ಡಬ್ಬಿಯೊಳಗೆ ಇಟ್ಟಿದ್ದ. ಆಕೆಯೇ ಸಿಕ್ಕಿಸಿ, ಆಕೆಯೇ ಒತ್ತಿ, ಹತ್ತು ನಿಮಿಷದಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಂಡರು.

ಪಟ್ಟಿ ಬಂತು. ಮೇಲಿನ ಮನೆಯವರು ಬಂದರು. ಎದುರು ಮನೆಯವರು ಬಂದರು. ಹಲ್ಲಿನ ಡಾಕ್ಟರೂ ಬಂದರು. ಇವರ ಮನೆ ಬರಲಿಲ್ಲ.

"ಇದಕ್ಕೂ ಚಾಳೀಸಾ?" ಎಂದರು ಹೆಂಡತಿ. ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಗಂಟೆ ಮೂರೂ ನಲವತ್ತು. "ಹದಿನಾಲ್ಕು ಜನ ರೀ! ಮೊದಲನೇ ದಿನಾನೇ ಟೀಚರ್ ಬರಲಿಲ್ಲ ಅಂದ್ರೆ ನಾಳೆ ಯಾರು ಬರ್ತಾರೆ? ಬೆಳಿಗ್ಗೆನೇ ಅವರನ್ನ ಕರೆದಿದ್ರೆ ಆಗ್ತಿತ್ತು."

ಯಜಮಾನರು ಪುಟ್ಟ ಮಕ್ಕಳು ತಪ್ಪು ಮಾಡಿ ನಿಲ್ಲುವಂತೆ ನಿಂತರು. ಹೆಂಡತಿಯ ಕಣ್ಣಂಚು ಒದ್ದೆಯಾದದ್ದನ್ನು ಕಂಡು ಅವರಿಗೆ ಬಹಳ ಸಂಕಟವಾಯಿತು. "ಫೋನ್ ಮಾಡು. ಅವರೇ ಬರಲಿ," ಎಂದು ಸೋತು ಹೇಳಿದರು.

"ಈಗ ಕರೆದು ಏನು ಬಂತು? ಫೋನಲ್ಲೇ ಹೇಗೋ ಶುರು ಮಾಡ್ತೀನಿ. ಇವತ್ತು ಹೊಸ ಬಟ್ಟೆ ಕತ್ತರಿಸೋ ಮುಂಚೆ ನೀರಲ್ಲಿ ನೆನೆಸಬೇಕು ಅಂತ ತೋರಿಸ್ಬೇಕು. ಅದಕ್ಕಾದರೂ ಆ ಅಗಲದ ಸ್ಟೀಲ್ ಪಾತ್ರೆ ಹುಡುಕಿಕೊಡಿ. ನಾಲ್ಕು ದಿನದಿಂದ ಅದೂ ಕಾಣ್ತಿಲ್ಲ."

ನಾಲ್ಕು ದಿನ! ಯಜಮಾನರ ಮುಖ ಬಿಳುಚಿಕೊಂಡಿತು. ಸ್ಟೂಲು ಎಳೆದುಕೊಂಡು ಕೋಣೆಯ ಮೂಲೆಯ ಕಬ್ಬಿಣದ ಬೀರುವಿನ ಹತ್ತಿರ ಹೋಗಿ ಹತ್ತಿದರು. ಬೀರುವಿನ ಮೇಲೆ, ಸೂಟ್‌ಕೇಸಿನ ಹಿಂದೆ, ನೆಟ್ ಪೆಟ್ಟಿಗೆಯ ಜಾಗ. ಅದರ ಮೇಲೆ ಬೋರಲಾಗಿ, ಕಿರೀಟದಂತೆ, ಸ್ಟೀಲ್ ಪಾತ್ರೆ.

ನಾಲ್ಕು ದಿನದ ಹಿಂದೆ ಪಕ್ಕದ ಮನೆಯವರು ಗೋಡೆ ಕೊರೆಸಿದ್ದರು. ಗಾಳಿಯ ತುಂಬ ಸುಣ್ಣದ ಪುಡಿ. ಸೂಕ್ಷ್ಮ ಯಂತ್ರವನ್ನು ಧೂಳಿನಲ್ಲಿ ತೆರೆದಿಡುವುದು ವಾಚ್ ರಿಪೇರಿಯವನ ಜಾತಕದಲ್ಲೇ ಇಲ್ಲ. ಅಂಗಡಿಯಲ್ಲಿ ಬಿಚ್ಚಿದ ಪ್ರತಿಯೊಂದು ಗಡಿಯಾರಕ್ಕೂ ಗಾಜಿನ ಬೋಗುಣಿ ಮುಚ್ಚಿ ಅಭ್ಯಾಸ. ಇಷ್ಟು ದೊಡ್ಡ ಗಾಜಿನ ಬೋಗುಣಿ ಮನೆಯಲ್ಲಿರಲಿಲ್ಲ, ಸ್ಟೀಲಿನ ಪಾತ್ರೆ ಇತ್ತು. ಮುಚ್ಚಿದರು, ಮರೆತರು. ಕೆಳಗೆ ಕಬ್ಬಿಣ, ಮೇಲೆ ಸ್ಟೀಲು. ನಡುವೆ ಸಿಕ್ಕ ನೆಟ್ಟು ಪಾಪ ಎಲ್ಲಿಗೆ ಹೋದೀತು?

ಪಾತ್ರೆ ಎತ್ತಿದ್ದೇ ತಡ, ಪಟ್ಟಿಯ ತುದಿಯಲ್ಲಿ ಇವರ ಮನೆ ಬಂದು ಕೂತಿತು. ಹೆಂಡತಿ ತುಟಿ ಕಚ್ಚಿಕೊಂಡು ಪಾಸ್‌ವರ್ಡ್ ಒತ್ತಿ, ಕ್ಲಾಸಿನ ಕೊಂಡಿ ಒತ್ತಿದರು. ಪರದೆಯ ಮೇಲೆ ಚಕ್ರ ಸುತ್ತತೊಡಗಿತು. "ಅದು ಸುತ್ತುತ್ತಿರಲಿ," ಎಂದು ಬೆನ್ನು ತಿರುಗಿಸಿ ಗಂಡನ ಕೈಯಿಂದ ಪಾತ್ರೆ ಇಸಿದುಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪಾತ್ರೆ ಕವಿಚಿಟ್ಟವರು ನೀವು, ಚಾಳೀಸು ಬಂದಿದ್ದು ಕಾರ್ಡಿಗೆ! ಸರಿಯಾಗಿದ್ದ ಕಾರ್ಡನ್ನ ಕಿತ್ತು ಹೊಸದು ಹಾಕಿದ್ರಲ್ಲ ರೀ! ಪಕ್ಕದ ಮನೆಯವರು ಪಾತ್ರೆ ತಗೊಂಡು ಹೋಗಿ ಕೊಟ್ಟಿಲ್ಲ ಅಂತ ನಾನು ಮೂರು ದಿನ ಅವರ ಜೊತೆ ಮಾತು ಬಿಟ್ಟಿದ್ದೆ!"

"ಮೆಲ್ಲಗೆ ಕಣೇ," ಎಂದರು ಯಜಮಾನರು ಸ್ಟೂಲಿನಿಂದ ಇಳಿಯುತ್ತ. "ನೋಡು, ಈ ಪಾತ್ರೆ ವಿಷಯ ನಮ್ಮಿಬ್ಬರಲ್ಲೇ ಇರಲಿ. ನಿನ್ನ ತಂಗಿಗೆ ಹೇಳಬೇಡ. ಆ ಕಂಪ್ಯೂಟರ್ ಅಂಗಡಿಯವನಿಗಂತೂ ಪ್ರಾಣ ಹೋದರೂ ಹೇಳಬೇಡ."

"ಹೇಳಲ್ಲ. ಕಾರ್ಡು ಕೆಟ್ಟಿತ್ತು, ನಮ್ಮ ಮನೆಯವರು ಹಾಕಿದ್ರು, ಬಂತು ಅಂತೀನಿ. ಸರೀನಾ? ಹಾಕಿದ್ದಂತೂ ಚೆನ್ನಾಗೇ ಹಾಕಿದ್ರಿ, ಸುಳ್ಳೇನಲ್ಲ."

ಯಜಮಾನರು ಎರಡು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ. "ನೀನು ದೇವರಂಥವಳು ಕಣೇ," ಎಂದು ಆಕೆಯ ಕೈ ಹಿಡಿದುಕೊಂಡರು.

"ಮೇಡಂ... ಕೇಳಿಸ್ತಿದೆ," ಎಂದಿತು ಒಂದು ಹೆಣ್ಣು ದನಿ.

ಇಬ್ಬರೂ ಗಕ್ಕನೆ ತಿರುಗಿದರು. ಮೊದಲ ದಿನವೆಂದು ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದಿದ್ದರು, ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳು. ಒಂದೊಂದರಲ್ಲೂ ಒಂದೊಂದು ಮುಖ, ಕೆಲವರ ಬಾಯಿಗೆ ಸೆರಗು ಅಡ್ಡ. ಚಿತ್ರ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು, ಎಲ್ಲೂ ಒಡೆಯುತ್ತಿರಲಿಲ್ಲ. ಅಷ್ಟು ಮುಜುಗರದಲ್ಲೂ ಯಜಮಾನರು ಅದನ್ನು ಗಮನಿಸದೆ ಇರಲಿಲ್ಲ.

"ಎಷ್ಟು ಹೊತ್ತಿನಿಂದ ಇದ್ದೀರಮ್ಮಾ?" ಎಂದರು ಟೀಚರು, ಗಂಡನ ಕೈ ಬಿಡಿಸಿಕೊಳ್ಳುತ್ತ.

"ಕಾರ್ಡಿಗೆ ಚಾಳೀಸು ಬಂದಾಗಿನಿಂದ, ಮೇಡಂ."

ಮೇಲಿನ ಸಾಲಿನ ಮೂರನೇ ಚೌಕದಲ್ಲಿ ಒಬ್ಬಾಕೆ ನಗು ತಡೆಯಲಾರದೆ ಪಕ್ಕಕ್ಕೆ ಸರಿದರು. ಆಕೆಯ ಹಿಂದೆ ಬಗ್ಗಿ ನಿಂತು, ತನ್ನ ಹೆಂಡತಿಯ ಕ್ಲಾಸಿಗೆಂದು ಲ್ಯಾಪ್‌ಟಾಪ್ ಸರಿಮಾಡಿಕೊಡುತ್ತಿದ್ದ ಕಂಪ್ಯೂಟರ್ ಅಂಗಡಿಯವನು ಎರಡೂ ಕೈ ಜೋಡಿಸಿದ.

"ಹೆದರಬೇಡಿ ಸಾರ್," ಎಂದ. "ಪ್ರಾಣ ಹೋದರೂ ನನಗೆ ಯಾರೂ ಹೇಳಲಿಲ್ಲ."