ಗುಡಿ ರಸ್ತೆಯ ಗಾಡಿ ಎಣಿಕೆ

ಬದರಿನಾಥರಿಗೆ ಎರಡನೆಯ ಲೋಟ ಕಾಫಿ ಕೊಡದೇ ಇದ್ದಿದ್ದರೆ ರಘುರಾಮನಿಗೆ ಮದರಾಸು ಸರ್ಕಾರದ ರಸ್ತೆ ನೀತಿಯ ಪರಿಚಯವೇ ಆಗುತ್ತಿರಲಿಲ್ಲ. ತನ್ನ ಪಾಡಿಗೆ ತಾನು ನಿಧಾನವಾಗಿ ಮುಳುಗುತ್ತಿದ್ದ.

ಬದರಿನಾಥರು ಕೋಟೆಯ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತರು. ಕನ್ನಡವನ್ನು ದೇವರ ಮನೆಯಲ್ಲಿ ಮಡಿಯಾಗಿಟ್ಟು, ಹೊರಗೆ ತಮಿಳಿನಲ್ಲಿ ಬಾಳಿದ ಹಳೆಯ ಮಾಧ್ವ ಮನೆತನದವರು. ಮೊದಲ ಲೋಟಕ್ಕೆ ಅವರು ಸೆಕೆಯ ವಿಷಯ ಮಾತಾಡುತ್ತಿದ್ದರು. ಎರಡನೆಯದಕ್ಕೆ ಸರ್ಕಾರದ ವಿಷಯ.

"ಸರ್ಕಾರದ ದುಡ್ಡು ಅಂದ್ರೆ ಮಠದ ಊಟ ಇದ್ದಹಾಗೆ, ರಘುರಾಮ್," ಎಂದರು ಆ ಬೆಳಿಗ್ಗೆ. "ಪೆಟ್ರೋಲ್ ತೆರಿಗೆ, ಮೋಟಾರ್ ತೆರಿಗೆ, ದಿಲ್ಲಿಯಿಂದ ಬಂದ ಪ್ರಸಾದ, ಎಲ್ಲಾ ಒಂದೇ ಕೊಪ್ಪರಿಗೆಗೆ. ಮೊದಲನೇ ಪಂಕ್ತೀಲಿ ಟ್ರಂಕ್ ರೋಡುಗಳು ಕೂತ್ಕೋತವೆ. ಎರಡನೇದರಲ್ಲಿ ದೊಡ್ಡಮನುಷ್ಯರ ಊರಿನ ರೋಡುಗಳು. ನಮ್ಮ ಕೋಯಂಬೇಡಿನಂಥದಕ್ಕೆ ಮಾರ್ಚ್ ಕೊನೇಲಿ, ಕೊಪ್ಪರಿಗೆ ತೊಳೆಯೋವಾಗ ಬಡಿಸ್ತಾರೆ. ಕೊಂಜಂ ಸಕ್ಕರೆ ಹಾಕಪ್ಪ."

ರಘುರಾಮ ಇನ್ನೊಂದು ಸ್ವಲ್ಪ ಸಕ್ಕರೆ ಹಾಕಿದ. "ಮಾರ್ಚ್ ಕೊನೆ ಅಂದ್ರೆ ಇದೇ ವಾರ ಅಲ್ವಾ ಬದರಿನಾಥರೆ?"

"ಅದಕ್ಕೇ ಹೇಳಿದ್ದು. ಒಂದು ರಸ್ತೆಗೆ ಡಾಂಬರು ಹಾಕುವಷ್ಟು ಮಿಕ್ಕಿದೆ. ನಿನ್ನ ಗುಡಿ ರಸ್ತೆಗೋ, ಆ ಕಡೆ ಕೆರೆ ರಸ್ತೆಗೋ ಅಂತ ಫೈಲು ಓಡಾಡ್ತಿದೆ. ಯಾವುದಕ್ಕೆ ಡಾಂಬರೋ ಅದರಲ್ಲಿ ಸರ್ಕಾರಿ ಬಸ್ಸು ಊರೊಳಗೆ ಬರುತ್ತೆ. ಇವತ್ತು ಎರಡು ಕಡೇನೂ ಗಾಡಿ ಎಣಿಸ್ತಾರೆ. ಟ್ರಾಫಿಕ್ ಸೆನ್ಸಸ್. ಸಾಯಂಕಾಲ ಇಂಜಿನಿಯರ್ ಬಂದು ತೀರ್ಮಾನ."

ರಘುರಾಮನ ಕೈಯಲ್ಲಿದ್ದ ಸಕ್ಕರೆ ಚಮಚ ಅಲ್ಲೇ ನಿಂತಿತು.

ಪೂನಮಲ್ಲಿ ಹೈರೋಡಿನಿಂದ ಊರೊಳಕ್ಕೆ ಎರಡು ರಸ್ತೆಗಳು ಜೋಡೆತ್ತಿನಂತೆ ಅಕ್ಕಪಕ್ಕದಲ್ಲೇ ಹೋಗುತ್ತಿದ್ದವು. ಎರಡರಲ್ಲೂ ಒಂದೇ ಅಳತೆಯ ಗುಂಡಿಗಳು, ಒಂದೇ ಬಣ್ಣದ ಧೂಳು. ತರಕಾರಿ ಗಾಡಿಗಳು ಎತ್ತಿಗೆ ಮನಸ್ಸು ಬಂದ ಕಡೆ ತಿರುಗುತ್ತಿದ್ದವು. ಗುಡಿ ರಸ್ತೆಯಲ್ಲಿ ರಘುರಾಮನ ಹೋಟೆಲು. ಕೆರೆ ರಸ್ತೆಯಲ್ಲಿ ಭೋಜರಾಜನ ಹೋಟೆಲು. ಭೋಜರಾಜ ಬೇರೆ ಯಾರೂ ಅಲ್ಲ, ರಘುರಾಮನ ಹೆಂಡತಿ ಜಲಜಾಕ್ಷಿಯ ಅಣ್ಣ. ತ್ರಿಪ್ಲಿಕೇನಿನಲ್ಲಿ ಭಾವನ ಹೋಟೆಲು ಇದ್ದಾಗ ರಘುರಾಮ ಅಲ್ಲಿ ಸಪ್ಲೈಯರ್ ಆಗಿ ವರ್ಷಗಟ್ಟಲೆ ಬೆವರು ಹರಿಸಿದ್ದ. ಒಂದು ದಿನ ಸಾಂಬಾರಿಗೆ ಬೆಲ್ಲ ಹಾಕುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, "ಇನ್ನು ನಿನ್ನ ಕೈಕೆಳಗೆ ನಿಂತರೆ ನಾನು ಮನುಷ್ಯನೇ ಅಲ್ಲ" ಎಂದು ಹೊರಬಿದ್ದಿದ್ದ. ಹೊರಬಿದ್ದವನು ದೂರ ಹೋಗಲೆಂದು ಕೋಯಂಬೇಡಿಗೆ ಬಂದ. ವರ್ಷ ತುಂಬುವುದರೊಳಗೆ ಭಾವನೂ ತ್ರಿಪ್ಲಿಕೇನ್ ಬಿಟ್ಟು ಪಕ್ಕದ ರಸ್ತೆಗೇ ಬಂದ. "ತಂಗಿ ಒಬ್ಬಳೇ ಆಗ್ತಾಳೆ ಅಂತ ಬಂದೆ," ಎಂದು ಕಾರಣ ಕೊಟ್ಟ.

ಇದ್ದ ಗಿರಾಕಿಗಳಲ್ಲಿ ಎರಡು ಹೋಟೆಲು ನಡೆಯುವಂತಿರಲಿಲ್ಲ. ಬಸ್ಸು ಕೆರೆ ರಸ್ತೆಗೆ ಬಂದರೆ ರಘುರಾಮ ಬಾಗಿಲು ಹಾಕಿ, ಹೆಗಲಿಗೆ ಒದ್ದೆ ಬಟ್ಟೆ ಹಾಕಿಕೊಂಡು, ಮತ್ತೆ ಭಾವನ ಮೇಜು ಒರೆಸಬೇಕು. ಅದನ್ನು ನೆನೆದರೆ ಅವನ ಹೆಗಲು ಈಗಲೇ ತಣ್ಣಗಾಗುತ್ತಿತ್ತು.

"ಮೋನಪ್ಪಾ!" ಎಂದು ಅಡಿಗೆಯವನನ್ನು ಕೂಗಿದ. "ಇವತ್ತು ನೀನು ದೋಸೆ ಹೊಯ್ಯುವುದು ಬೇಡ. ಹೈರೋಡಿನ ತಿರುವಿನಲ್ಲಿ ನಿಲ್ಲು. ಬಂದ ಗಾಡಿಯೆಲ್ಲ ನಮ್ಮ ರಸ್ತೆಗೆ ತಿರುಗಬೇಕು."

"ಎಂತ ಹೇಳಿ ತಿರುಗಿಸುದು ಧಣಿ? ಎತ್ತು ನನ್ನ ಮಾತು ಕೇಳ್ತದಾ?"

"ಎತ್ತಿಗಲ್ಲ ಮಾರಾಯ, ಗಾಡಿಯವನಿಗೆ ಹೇಳು. ಈ ದಾರಿಯಲ್ಲಿ ಬಂದವನಿಗೆ ಕಾಫಿ ಪುಕ್ಕಟೆ ಅಂತ."

ಮೋನಪ್ಪ ಧಣಿಯ ಮುಖವನ್ನು ವೈದ್ಯರು ನೋಡುವಂತೆ ಒಮ್ಮೆ ನೋಡಿ, ಹೊರಟ.

ಸುದ್ದಿ ಹಬ್ಬಲು ಒಂದು ಗಾಡಿ ಸಾಕಾಯಿತು. ಬಿಸಿಲೇರುವ ಮೊದಲೇ ಗುಡಿ ರಸ್ತೆಯಲ್ಲಿ ಬದನೆಕಾಯಿ ಗಾಡಿ, ಬಾಳೆಗೊನೆ ಗಾಡಿ, ಇಟ್ಟಿಗೆ ಲಾರಿ, ಸೈಕಲ್ ರಿಕ್ಷಾ, ಎಲ್ಲ ಮದುವೆಮನೆಯ ಚಪ್ಪಲಿಗಳಂತೆ ಒಂದರ ಮೇಲೊಂದು ಬಂದು ಬಿದ್ದವು. ರಘುರಾಮ ಬಾಗಿಲಲ್ಲೇ ಲೋಟಗಳನ್ನು ಹಂಚುತ್ತ, ಒಂದು ಕಣ್ಣನ್ನು ರಸ್ತೆಯಲ್ಲಿ ತುಸು ಮುಂದಿದ್ದ ಹುಣಸೆಮರದ ಮೇಲಿಟ್ಟಿದ್ದ. ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದವನು ರಸ್ತೆ ಇಲಾಖೆಯ ಎಣಿಕೆಯವನಾದ ಕಿಟ್ಟು. ತಲೆಗೂದಲು ಉದುರುವವರೆಗೂ ತಾತ್ಕಾಲಿಕ ನೌಕರನಾಗಿಯೇ ಉಳಿದಿದ್ದ ಅವನಿಗೆ ನಿಯಮಗಳ ಮೇಲೆ ಬಿಟ್ಟರೆ ಬೇರೆ ಯಾವುದರ ಮೇಲೂ ನಂಬಿಕೆ ಇರಲಿಲ್ಲ.

ಎಷ್ಟು ಹೊತ್ತಾದರೂ ಕಿಟ್ಟುವಿನ ಪೆನ್ಸಿಲು ಅಲ್ಲಾಡಲಿಲ್ಲ. ರಘುರಾಮ ಓಡಿಹೋಗಿ ಕೇಳಿದ.

"ಎಂತ ಸ್ವಾಮಿ, ನೀವು ಬರೀತಾನೇ ಇಲ್ಲ? ಇಷ್ಟೊಂದು ಗಾಡಿ ಉಂಟು!"

"ನಿಂತ ಗಾಡೀನ ಎಣಿಸೋಹಾಗಿಲ್ಲ, ಸಾರ್," ಎಂದ ಕಿಟ್ಟು. "ಈ ಮರಾನ ದಾಟಬೇಕು. ನಿಮ್ಮ ಬಾಗಿಲಲ್ಲಿ ಎಲ್ಲಾ ನಿಂತು ಕಾಪಿ ಕುಡೀತಿದೆ. ಕುಡಿದ ಮೇಲೆ ಬಂದ ದಾರೀಲೇ ತಿರುಗಿಹೋಗುತ್ತೆ. ರೂಲ್ಸ್ ಪ್ರಕಾರ ಈ ರಸ್ತೆಯಲ್ಲಿ ಇದುವರೆಗೂ ಯಾರೂ ಪ್ರಯಾಣ ಮಾಡಿಲ್ಲ."

ರಘುರಾಮ ಹಣೆ ಬಡಿದುಕೊಂಡು ಕಾಫಿಯ ಹಂಡೆಯನ್ನೇ ಹುಣಸೆಮರದ ಆಚೆಗೆ ಸಾಗಿಸಿದ. ಕಾಫಿ ಬೇಕಾದವನು ಮರ ದಾಟಿಯೇ ತೀರಬೇಕು. ಈಗ ಕಿಟ್ಟುವಿನ ಪೆನ್ಸಿಲು ಓಡತೊಡಗಿತು. ಗಾಡಿಯವರಿಗೂ ವ್ಯವಹಾರ ಬೇಗ ಅರ್ಥವಾಯಿತು. ಮರ ದಾಟಿದರೆ ಕಾಫಿ, ಹಿಂದಕ್ಕೆ ಹೋಗಿ ಮತ್ತೆ ದಾಟಿದರೆ ಮತ್ತೆ ಕಾಫಿ. ಬದನೆಕಾಯಿಯವನು ಸಂತೆಯನ್ನೇ ಮರೆತು ಅದೇ ದಾರಿಯಲ್ಲಿ ಗಾಣದೆತ್ತಿನಂತೆ ಸುತ್ತಿದ. ಕೊನೆಗೆ ಅವನ ಎತ್ತುಗಳೇ ಯಾರೂ ಹೊಡೆಯದೆ ಮರದ ಹತ್ತಿರ ಹಿಂದಕ್ಕೆ ತಿರುಗತೊಡಗಿದವು.

ಎದುರುಮನೆಯ ಅಂಬುಜಮ್ಮ ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದರು. ಗಂಡ ಬಿಟ್ಟುಹೋದ ಆಸ್ತಿಯಲ್ಲಿ ಅವರ ಪಾಲಿಗೆ ಉಳಿದದ್ದು ಆ ಮನೆ, ಅದರ ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಒಂದು ಹಳೆಯ ಕಾರು, ಮತ್ತು ಊರಿನವರಿಗೆಲ್ಲ ಬುದ್ಧಿ ಹೇಳುವ ಹಕ್ಕು.

"ಏನಪ್ಪಾ ರಘುರಾಮಾ, ಬರೀ ಎತ್ತಿನ ಗಾಡಿ ತೋರಿಸಿದ್ರೆ ಸರ್ಕಾರ ಲೆಕ್ಕಕ್ಕೆ ತೊಗೊಳ್ಳುತ್ತಾ? ಅವರಿಗೆ ಕಾರು ಬೇಕು, ಕಾರು. ನಮ್ಮದನ್ನ ತೊಗೊಂಡ್ಹೋಗು."

"ಅದು ಓಡ್ತದಾ ಅಮ್ಮಾ?"

"ಓಡದಿದ್ರೇನು? ಚಕ್ರ ಇದೆಯಲ್ಲ!"

ಕೋಳಿಗಳನ್ನು ಇಳಿಸಿ, ಅಂಬುಜಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ (ಅವರು ಇಳಿಯಲು ಒಪ್ಪಲಿಲ್ಲ), ನಾಲ್ಕಾರು ಜನ ಕಾರನ್ನು ತಳ್ಳಿಕೊಂಡು ಬಂದರು. ಮರದ ಹತ್ತಿರ ಕಿಟ್ಟು ಎದ್ದುನಿಂತ.

"ತಳ್ಳೋ ಗಾಡಿ," ಎಂದು ತೀರ್ಪು ಕೊಟ್ಟ.

"ಯಾರೋ ಅವನು? ಕಲೆಕ್ಟರ್ ಕೂತ ಕಾರಿದು!" ಅಂಬುಜಮ್ಮ ಕಿಟಕಿಯಿಂದ ತಲೆ ಹೊರಹಾಕಿದರು.

"ಇಂಜಿನ್ ಸದ್ದು ಬಂದರೆ ಮೋಟಾರು ವಾಹನ. ಮನುಷ್ಯರು ತಳ್ಳಿದರೆ ಕೈಗಾಡಿ. ನಾನೇನು ಮಾಡಲಿ, ಮಾಮೀ?"

ಅಂಬುಜಮ್ಮ ಎಂಥ ಮೋಟಾರಿಗೂ ಕಡಿಮೆಯಿಲ್ಲದ ಸದ್ದು ಮಾಡಿದರು. ಕಿಟ್ಟು ಬಗ್ಗಲಿಲ್ಲ. ಆ ಹೊತ್ತಿಗೆ ಅಗಸನೊಬ್ಬ ಪುಕ್ಕಟೆ ಕಾಫಿಯ ಸುದ್ದಿ ಕೇಳಿ ಕತ್ತೆಗಳ ಸಮೇತ ಬಂದ. ಕತ್ತೆಗೆ ಚಕ್ರವಿಲ್ಲವಾದ್ದರಿಂದ ಅದು ಸಾರಿಗೆಯಲ್ಲ ಎಂದು ಕಿಟ್ಟು ವಾದಿಸಿದ. ಹಾಗಾದರೆ ಮೂಟೆಯನ್ನು ನೀನು ಹೊತ್ತು ನೋಡು ಎಂದು ಅಗಸ ಕೇಳಿದ. ಈ ಚರ್ಚೆ ನಡೆಯುತ್ತಿರುವಾಗ ಕತ್ತೆಗಳು ಬಾಳೆಗೊನೆಯ ಗಾಡಿಗೆ ಬಾಯಿ ಹಾಕಿದವು. ಗೊನೆಯವನು ಚಾಟಿ ಬೀಸಿದ. ಏಟು ತಪ್ಪಿ ಇಟ್ಟಿಗೆ ಲಾರಿಯ ಡ್ರೈವರನ ಲೋಟಕ್ಕೆ ಬಿತ್ತು. ಬಿಸಿ ಕಾಫಿ ಅವನ ಮಡಿಲಿಗೆ ಬಿತ್ತು. ಅವನು ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಇಡೀ ಗುಡಿ ರಸ್ತೆಯ ವಂಶವೃಕ್ಷವನ್ನು ತಮಿಳಿನಲ್ಲಿ ಬಿಡಿಸತೊಡಗಿದ. ಮೋನಪ್ಪ ಅವನಿಗೆ ತನ್ನ ಒಣಗಿದ ಪಂಚೆ ಕೊಟ್ಟು, ಎರಡು ಮಸಾಲೆ ದೋಸೆ ತಿನ್ನಿಸಿದ ಮೇಲೆ ದಾರಿ ತೆರೆಯಿತು.

ಜಲಜಾಕ್ಷಿ ಅಡಿಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಹಾಲು ಮುಗೀತು. ಪುಡಿ ಮುಗೀತು. ಕಾಸು ಕೊಟ್ಟು ಊಟ ಮಾಡುವವರು ಒಳಗೆ ಬರಲಿಕ್ಕೆ ಜಾಗ ಇಲ್ಲ ಅಂತ ತಿರುಗಿ ಹೋದರು. ನಿಮಗೆ ಸಂತೋಷವಾ?"

"ನಿನ್ನ ಅಣ್ಣನ ರಸ್ತೆಯಲ್ಲಿ ಎಷ್ಟು ಗಾಡಿ ಉಂಟು, ಹೇಳು?"

"ಈಗಷ್ಟೆ ಹಿತ್ತಲಿನಿಂದ ನೋಡಿ ಬಂದೆ. ನಾಯಿ ಸಹ ಇಲ್ಲ. ಆ ಕಡೆಯ ಎಣಿಕೆಯವನು ಸ್ಟೂಲಿನ ಮೇಲೆ ಕೂತಲ್ಲೇ ಗೊರಕೆ ಹೊಡೀತಿದ್ದಾನೆ."

"ಹಾಗಾದರೆ ಸಂತೋಷ," ಎಂದ ರಘುರಾಮ. "ಸಂಜೆಯ ಪೂಜೆಗೆ ಇಟ್ಟ ಹಾಲು ಉಂಟಲ್ಲ, ಅದನ್ನೂ ಕೊಡು."

ಬಿಸಿಲು ಇಳಿಯುವ ಹೊತ್ತಿಗೆ ಗುಡಿ ರಸ್ತೆ ಯುದ್ಧ ಮುಗಿದ ಬಯಲಿನಂತಿತ್ತು. ಎಲ್ಲೆಲ್ಲೂ ಸಗಣಿ, ಹುಲ್ಲು, ಒಡೆದ ಲೋಟ. ರಘುರಾಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಾಗ ಎದುರಿಗೆ ಒಂದು ನೆರಳು ಬಂದು ನಿಂತಿತು. ತಲೆಯೆತ್ತಿ ನೋಡಿದರೆ ಭಾವ.

ಭೋಜರಾಜ ದೊಡ್ಡ ಮೈಯ ಮನುಷ್ಯ. ಆ ಸಂಜೆ ಮಾತ್ರ ಆ ಮೈಯನ್ನು ಯಾರೋ ಅರ್ಧ ಅಕ್ಕಿ ತೆಗೆದ ಮೂಟೆಯ ಹಾಗೆ ಮಡಿಸಿಟ್ಟಂತಿತ್ತು. ರಘುರಾಮನ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತ.

"ಇವತ್ತು ಒಂದು ಇಡ್ಲಿಯೂ ಹೋಗಲಿಲ್ಲ ಮಾರಾಯ," ಎಂದ. "ಬೆಳಿಗ್ಗೆಯಿಂದ ಗಲ್ಲಾದಲ್ಲಿ ಕೂತು ನೊಣ ಓಡಿಸಿದೆ. ನಿನಗೆ ಕೈಗುಣ ಉಂಟು. ನಾನು ಒಪ್ಪಿಕೊಳ್ತೇನೆ. ಆ ಬೆಲ್ಲದ ವಿಷಯದಲ್ಲೂ ನೀನು ಹೇಳಿದ್ದೇ ಸರಿ ಇರಬಹುದು."

ರಘುರಾಮ ಮೆಟ್ಟಿಲ ಮೇಲೆ ನೆಟ್ಟಗೆ ಕೂತ. ಇಷ್ಟು ವರ್ಷ ಕಾದ ಮಾತು ಇದು.

"ಬಸ್ಸು ನಿನ್ನ ಕಡೆಗೇ ಬರ್ತದೆ. ನಾನು ನಾಳೆ ಬಾಗಿಲು ಹಾಕ್ತೇನೆ. ನಿನ್ನ ಹತ್ತಿರ ಎಂತಾದರೂ ಕೆಲಸ ಉಂಟಾ? ಗಲ್ಲಾ ಬೇಡ. ಕಾಫಿ ಪುಡಿ ಹುರಿಯುವುದಾದರೂ ಸರಿ."

"ಛೇ, ಎಂತ ಮಾತು ಭಾವ!" ಎಂದ ರಘುರಾಮ, ಕಣ್ಣೊರೆಸಿಕೊಂಡು. ಗೆದ್ದವನ ಔದಾರ್ಯ ಅವನೊಳಗೆ ಹಾಲಿನಂತೆ ಉಕ್ಕಿತು. "ನೀವು ಗಲ್ಲಾದಲ್ಲೇ ಕೂರಬೇಕು. ನೋಡುವ, ಒಂದೆರಡು ದಿನ ನೋಡುವ."

ಅಷ್ಟರಲ್ಲಿ ಇಲಾಖೆಯ ಜೀಪು ಬಂತು. ಮರ ದಾಟಿದಾಗ ಕಿಟ್ಟು ಅದನ್ನೂ ಗುರುತು ಹಾಕಿಕೊಂಡು, ಆಮೇಲೆ ಸಲಾಮು ಹೊಡೆದ. ಇಳಿದ ಇಂಜಿನಿಯರ್ ತಿರುಮಲ ಎಂಬ ತರುಣ. ಹಣೆಯ ಮೇಲೆ ಮಾಧ್ವರ ಅಂಗಾರ ಅಕ್ಷತೆ ಕಂಡೊಡನೆ ರಘುರಾಮ ಕನ್ನಡದಲ್ಲೇ ನಮಸ್ಕಾರ ಹೇಳಿದ. ಅತ್ತಲಿಂದಲೂ ಕನ್ನಡವೇ ಬಂತು. ನಮ್ಮವರೇ! ಇನ್ನೇನು ಬೇಕು? ಕಚೇರಿ ಬಿಟ್ಟು ಬಂದ ಬದರಿನಾಥರೂ ಸೇರಿಕೊಂಡರು. ಅಂಬುಜಮ್ಮ ಕಾರಿನಿಂದ ಇನ್ನೂ ಇಳಿದಿರಲಿಲ್ಲ.

ತಿರುಮಲ ಕಿಟ್ಟು ಕೊಟ್ಟ ಹಾಳೆಯನ್ನು ನೋಡಿ ಹುಬ್ಬೇರಿಸಿದ. "ಭೇಷ್! ಮೌಂಟ್ ರೋಡಿನಲ್ಲೂ ಇಷ್ಟು ಇರೋದಿಲ್ಲ. ಕೆರೆ ರಸ್ತೇಲಿ?"

"ಶೂನ್ಯ ಸಾರ್," ಎಂದ ಕಿಟ್ಟು. "ಆ ಕಡೆಯವನು ಒಂದು ಗೀಟೂ ಹಾಕಿಲ್ಲ."

"ರೊಂಬ ನಲ್ಲದು, ಬಹಳ ಒಳ್ಳೇದು," ಎಂದ ತಿರುಮಲ ಸಮಾಧಾನದಿಂದ. "ಹಾಗಾದರೆ ತೀರ್ಮಾನ ಸುಲಭ. ಕೆರೆ ರಸ್ತೆಗೇ ಡಾಂಬರು."

ರಘುರಾಮ ಒಂದು ಹೆಜ್ಜೆ ಮುಂದೆ ಬಂದ.

"ಸ್ವಾಮೀ," ರಘುರಾಮನ ದನಿ ಎಲ್ಲಿಂದಲೋ ಬಂತು, "ಗಾಡಿ ಇರುವುದು ಇಲ್ಲಿ."

"ಅದೇ ತೊಂದರೆ ನೋಡಿ. ಈ ವರ್ಷದ ಹಣ ಮೂವತ್ತೊಂದನೇ ತಾರೀಖಿನ ಒಳಗೆ ಖರ್ಚಾಗಬೇಕು. ಇಲ್ಲದಿದ್ರೆ ವಾಪಸ್. ಅಂದ್ರೆ ನಾಳೆ ಬೆಳಿಗ್ಗೆ ಕೆಲಸ ಶುರುವಾಗಬೇಕು. ಇಷ್ಟು ಟ್ರಾಫಿಕ್ ಇರೋ ರಸ್ತೆಯನ್ನ ಮುಚ್ಚೋಕೆ ಕಲೆಕ್ಟರ್ ಆರ್ಡರ್ ಬೇಕು, ಪೊಲೀಸ್ ಬೇಕು, ಗೆಜೆಟ್ಟಲ್ಲಿ ಹಾಕಬೇಕು. ಮಳೆಗಾಲ ಬಂದುಬಿಡುತ್ತೆ. ಅಲ್ಲಿ ಮುಚ್ಚೋಕೆ ಏನೂ ಇಲ್ಲ. ಜಲ್ಲಿ ಸುರಿದರೆ ಆಯ್ತು."

"ಹಾಗಾದರೆ ಬೆಳಿಗ್ಗೆಯಿಂದ ಎಣಿಸಿದ್ದು ಎಂತಕ್ಕೆ?"

ತಿರುಮಲ ಅವನನ್ನು ಅನುಕಂಪದಿಂದ ನೋಡಿದ. "ಎಣಿಸದೆ ಯಾವುದು ಖಾಲಿ ಅಂತ ಹೇಗೆ ಗೊತ್ತಾಗಬೇಕು?"

ಬದರಿನಾಥರು ತಲೆದೂಗಿದರು. "ಬಹಳ ನ್ಯಾಯವಾದ ಮಾತು," ಎಂದು ಯಾರಿಗೂ ಅಲ್ಲದಂತೆ ಹೇಳಿ, ಮನೆಯ ಕಡೆಗೆ ನಡೆದರು.

ಜೀಪು ಹೋಯಿತು. ಮಡಿಸಿಟ್ಟಂತಿದ್ದ ಭೋಜರಾಜನ ಮೈ ಪದರು ಪದರಾಗಿ ಬಿಚ್ಚಿಕೊಂಡಿತು. ಅವನು ಎದ್ದು, ಪಂಚೆ ಕೊಡವಿ, ಎರಡು ಹೆಜ್ಜೆ ಹೋಗಿ ತಿರುಗಿದ.

"ರಸ್ತೆ ಕೆಲಸದವರು ಬೆಳಿಗ್ಗೆಯೇ ಬಂದುಬಿಡ್ತಾರೆ, ಅಲ್ವಾ? ಅಷ್ಟು ಜನರಿಗೆ ಉಪ್ಪಿಟ್ಟು, ಚಟ್ನಿ ಆಗಬೇಕು. ನನ್ನೊಬ್ಬನ ಕೈಲಿ ಆಗುದಿಲ್ಲ. ಮೋನಪ್ಪನನ್ನೂ ಕರಕೊಂಡು ಬಾ. ಮತ್ತೆ ಸಾಂಬಾರಿಗೆ ಬೆಲ್ಲ ಹಾಕ್ಬೇಡ."

ರಘುರಾಮನೊಳಗೆ ಏನೇನೋ ಏಳಲು ನೋಡಿತು. ಮಾನ, ಶಪಥ, ಮನುಷ್ಯತ್ವ, ಒಂದೆರಡು ಒಳ್ಳೆಯ ಬೈಗುಳ. ಆದರೆ ವರ್ಷಗಟ್ಟಲೆ ಅಭ್ಯಾಸವಾದ ನಾಲಿಗೆ ಅವೆಲ್ಲಕ್ಕಿಂತ ಮೊದಲು ಎದ್ದಿತು.

"ಎಷ್ಟು ಗಂಟೆಗೆ ಬರಬೇಕು, ಭಾವ?"