ಒಂದೂ ಮಣಿ ಕಳೆದಿರಲಿಲ್ಲ

ಹೇಳಲೇಬೇಕಾಗಿದ್ದ ಒಂದು ಮಾತನ್ನು ನಾನು ಹನ್ನೊಂದು ತಿಂಗಳು ನುಂಗಿಕೊಂಡು ಕೂತೆ. ಅದಕ್ಕೆ ನನ್ನ ತಂಗಿಯೇ ಕಾರಣ ಎನ್ನಬಹುದು. ಅಂಥ ವಿಚಿತ್ರ ಹುಡುಗಿ ಮನೆಯಲ್ಲಿದ್ದರೆ ಅಣ್ಣನಾದವನು ತಪ್ಪು ಮಾಡದೆ ಇರುವುದು ಹೇಗೆ? ನೋಡಿ, ತಪ್ಪೊಪ್ಪಿಕೊಳ್ಳಲು ಕೂತವನು ಮೂರನೆಯ ಸಾಲಿಗೇ ಜಾರಿಕೊಳ್ಳುತ್ತಿದ್ದೇನೆ!

ನಾನು ಓದಿದ್ದು ಏಳನೆಯ ತರಗತಿ. ಕರಜಗಿಯಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಅಂಗಡಿ ನನ್ನದು. ತಂಗಿ ದಿನಾ ಬಸ್ಸಿನಲ್ಲಿ ಅಫಜಲಪುರದ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಓದುತ್ತಿದ್ದಳು. ಓದಿದ್ದನ್ನು ಕಾಲೇಜಿನಲ್ಲೇ ಬಿಟ್ಟು ಬರುವ ಮಕ್ಕಳು ಎಷ್ಟಿಲ್ಲ? ಇವಳು ಎಲ್ಲವನ್ನೂ ಮನೆಗೆ ಹೊತ್ತು ತರುತ್ತಿದ್ದಳು.

ಒಮ್ಮೆ ಅವ್ವ ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ಯುವಾಗ ತಂಗಿ ಅವಳ ಕೈ ತಡೆದಳು. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಅಂಟು ಪ್ರೋಟೀನು ಇದೆಯಂತೆ, ಜೋಳದಲ್ಲಿ ಇಲ್ಲವಂತೆ. ಕುದಿನೀರು ಬಿದ್ದಾಗ ಜೋಳದ ಪಿಷ್ಟವೇ ಉಬ್ಬಿ ಅಂಟಾಗುತ್ತದೆ, ಅದಕ್ಕೇ ರೊಟ್ಟಿ ಬಡಿದರೂ ಬಿರಿಯುವುದಿಲ್ಲ ಎಂದು ಪಾಠ. ಪಾಠ ಮುಗಿಯುವಷ್ಟರಲ್ಲಿ ಎಸರು ಆರಿತ್ತು. ಆವತ್ತಿನ ರೊಟ್ಟಿಗಳೆಲ್ಲ ಅಂಚು ಬಿರಿದುಕೊಂಡೇ ತಾಟಿಗೆ ಬಂದವು.

"ನಿನ್ನ ಪಾಠ ಖರೇ ಅದ ನೋಡವ್ವಾ," ಎಂದಳು ಅವ್ವ.

ಇನ್ನೊಮ್ಮೆ ಮೋಟಾರು ತಂದ ಗೌಡರೊಬ್ಬರಿಗೆ, ಅವರ ಮೀಸೆಯೂ ಅವರ ಎಮ್ಮೆಯ ಕೊಂಬೂ ಒಂದೇ ಜಾತಿಯ ಪ್ರೋಟೀನಿನಿಂದ ಆದವು, ಹೆಣೆದ ರೀತಿ ಮಾತ್ರ ಬೇರೆ ಎಂದು ವಿನಯದಿಂದ ತಿಳಿಸಿದಳು. ಅಂದಿನಿಂದ ಗೌಡರು ಮೋಟಾರನ್ನು ಆಳಿನ ಕೈಯಲ್ಲಿ ಕಳಿಸುತ್ತಾರೆ.

ಮುಂದೆ ಎಂ.ಎಸ್ಸಿ. ಓದಬೇಕೆಂಬುದು ಅವಳ ಆಸೆ. ಅಪ್ಪ ಒಂದು ಶರತ್ತು ಹಾಕಿದ. ಕಾಲೇಜಿನಲ್ಲಿ ಮಕ್ಕಳು ಮಾಡಿದ ಮಾದರಿಗಳ ಪ್ರದರ್ಶನವಿತ್ತು. ತಾನೇ ಬಂದು ನೋಡುತ್ತೇನೆ, ಮೂರು ವರ್ಷದಲ್ಲಿ ಏನಾದರೂ ಕಲಿತಿದ್ದಾಳೆ ಎನಿಸಿದರೆ ಓದಲಿ, ಇಲ್ಲವಾದರೆ ಸಾಕು ಎಂದ.

ಅವಳು ಅವ್ವನ ಹರಿದ ಸರಗಳ ಮಣಿಗಳನ್ನು ನನ್ನ ಅಂಗಡಿಯ ಹಳೆ ತಂತಿಗೆ ಪೋಣಿಸಿ, ತಿಂಗಳುಗಟ್ಟಲೆ ಬಗ್ಗಿಸಿ, ಮಡಚಿ ಒಂದು ಉಂಡೆ ಮಾಡಿದಳು. ಅದು ಜೊಲ್ಲಿನಲ್ಲಿರುವ ಪ್ರೋಟೀನಂತೆ, ನನಗೆ ತಿಳಿದದ್ದು ಆಮೇಲೆ. ಉಂಡೆಯ ನಡುವೆ ಒಂದು ಸಂದು. ಅಗಿದ ರೊಟ್ಟಿಯ ಪಿಷ್ಟ ಆ ಸಂದಿನಲ್ಲಿ ಕೂತರೆ ತುಂಡಾಗಿ ಸಿಹಿಯಾಗುತ್ತದಂತೆ. ಮನೆಯಲ್ಲಿಟ್ಟರೆ ಯಾರಾದರೂ ತುಳಿದಾರು ಎಂದು ಅದನ್ನು ನನ್ನ ಅಂಗಡಿಯ ಹಲಗೆಯ ಮೇಲೆ ಇಟ್ಟಿದ್ದಳು.

ಪ್ರದರ್ಶನದ ಹಿಂದಿನ ದಿನ ಅದು ನನ್ನ ಕಣ್ಣಿಗೆ ಬಿತ್ತು. ಅಯ್ಯೋ, ತಂಗಿಯ ಮಣಿತಂತಿ ಹೀಗೆ ಗೋಜಲಾಗಿದೆಯಲ್ಲ! ಇಡೀ ಮುಂಜಾನೆ ಕೂತು ಬಿಡಿಸಿದೆ. ನೆಟ್ಟಗೆ ಎಳೆದು, ಅಂದವಾಗಿ ಬಳೆಯಂತೆ ಸುತ್ತಿ, ಹತ್ತಿಯ ಪಟ್ಟಿಯಿಂದ ಕಟ್ಟಿದೆ. ಒಂದೂ ಮಣಿ ಕಳೆಯಲಿಲ್ಲ. ಸಂಜೆ ಅವಳು ಬಂದಾಗ ಹೆಮ್ಮೆಯಿಂದ ಕೈಗೆ ಕೊಟ್ಟೆ.

ಪಟ್ಟಿ ಬಿಚ್ಚಿ, ಒಂದೊಂದೇ ಮಣಿಯನ್ನು ಬೆರಳಿನಿಂದ ಮುಟ್ಟಿ ಎಣಿಸಿದಳು.

"ಮಣಿ ಎಲ್ಲಾ ಅದಾವ ಅಣ್ಣಾ. ಸಾಲೂ ತಪ್ಪಿಲ್ಲ. ಪ್ರೋಟೀನ ಇಲ್ಲ."

ಅಷ್ಟೇ ಅಂದಳು. ಗೊತ್ತಿರಲಿಲ್ಲ ಎನ್ನಲೇ? ಅದೇ ತಾಮ್ರ, ಅದೇ ತೂಕ ಇದ್ದರೂ ಸುತ್ತು ಕೆಟ್ಟರೆ ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಅದನ್ನು ತಿಳಿದೇ ಹೊಟ್ಟೆ ಹೊರೆಯುವವನು ನಾನು.

ಮರುದಿನ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಂತಿ ಬಗ್ಗಿಸುತ್ತಲೇ ಇದ್ದಳು. ತಿಂಗಳುಗಳ ಕೆಲಸ ಒಂದು ದಾರಿಯಲ್ಲಿ ಮುಗಿದೀತೇ? ಕಾಲೇಜಿನಲ್ಲಿ ಅಪ್ಪ ಉಳಿದವರ ಮಾದರಿಗಳನ್ನು ನೋಡುತ್ತ ಬಂದು ಅವಳ ಮೇಜಿನ ಮುಂದೆ ನಿಂತ.

"ಸರ ಪೋಣಿಸಾಕ ಮೂರು ವರ್ಷ ಬೇಕಾತೇನ?"

ತಂಗಿ ನನ್ನ ಕಡೆ ನೋಡಿದಳು. ನಾನು ತಲೆಯೆತ್ತಿ ಫ್ಯಾನು ನೋಡಿದೆ. ಅಪ್ಪ ನಕ್ಕ, ನಾನೂ ನಕ್ಕೆ. ಅವಳು ಆಗಲೂ ನನ್ನ ಹೆಸರು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಎಂ.ಎಸ್ಸಿ. ಅರ್ಜಿಯ ಕೊನೆಯ ದಿನ ದಾಟಿತು.

ಈಗ ಅವ್ವ ಎಸರು ಹೊಯ್ಯುವಾಗ ಯಾರೂ ಕೈ ತಡೆಯುವುದಿಲ್ಲ. ರೊಟ್ಟಿ ಬಿರಿಯುವುದಿಲ್ಲ.

ಮೊನ್ನೆ ಅಪ್ಪ ಅಂಗಡಿಗೆ ಬಂದ ರೈತರೊಬ್ಬರ ಮುಂದೆ ಆ ಸರದ ಕಥೆಯನ್ನು ರಸವತ್ತಾಗಿ ಹೇಳತೊಡಗಿದ. ನಾನೂ ಎಷ್ಟು ಸಲ ಅದನ್ನು ಹೇಳಿ ನಗಿಸಿಲ್ಲ! ತಂಗಿ ಮೂಲೆಯಲ್ಲಿ ನನಗಾಗಿ ಕಾಯಿಲ್‌ನ ತಂತಿಸುತ್ತು ಎಣಿಸುತ್ತಿದ್ದಳು. ತಲೆ ಎತ್ತಲಿಲ್ಲ. ನನ್ನ ಕೈಯ ಇಕ್ಕಳ ಕೆಳಗಿಟ್ಟೆ.

"ಯಪ್ಪಾ, ಅಕಿ ಸರಿಯಾಗೇ ಮಾಡಿದ್ದಳು. ಹಿಂದಿನ ದಿನ ಅದನ್ನ ಬಿಚ್ಚಿ ಹಾಳು ಮಾಡಿದಾವ ನಾ," ಎಂದೆ.

ಅಪ್ಪನ ನಗೆ ಅಲ್ಲೇ ನಿಂತಿತು. ರೈತರು ಟೊಪ್ಪಿಗೆ ಸರಿಮಾಡಿಕೊಂಡು ಹೊರಗೆ ಹೋದರು. ನಾನು ತಂಗಿಯ ಕಡೆ ತಿರುಗಿದೆ. ಅವಳ ಮುಖ ನೋಡಿ ಮಾತಾಡಿ ಎಷ್ಟು ದಿನವಾಗಿತ್ತೋ.

"ಬಿಚ್ಚಿದ್ದು ತಿಳೀಲಾರದಕ್ಕ, ತಂಗೆವ್ವ. ಆವತ್ತು ಸುಮ್ಮನ ನಿಂತಿದ್ದು ತಿಳಿದು ತಿಳಿದು. ನಂದು ತಪ್ಪಾತು."