ಯಮನ ಅಭಿಮಾನಿಗಳು ಮತ್ತು ನನ್ನ ಮುಚ್ಚಳಿಕೆ

ಶಿಸ್ತಾಗಿ ಬದುಕುವವನನ್ನೇ ಹುಡುಕಿಕೊಂಡು ಬರುವ ಪೇಚುಗಳು ಕೆಲವಿರುತ್ತವೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನ್ನ ಬಳಿಗೆ ಅವು ವಿಳಾಸ ಕೇಳದೆಯೇ ಬಂದಿವೆ. ಕಳೆದ ವರ್ಷದ್ದು ಮಾತ್ರ ಕೋಣ ಏರಿಕೊಂಡು ಬಂತು.

ಅಜ್ಜಂಪುರದ ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಸತ್ಯವಾನ-ಸಾವಿತ್ರಿಯ ನಾಟಕ ಆಡುತ್ತೇವೆಂದರು. ಈಗಿನ ಕಾಲ ನೋಡಿ, ಯಾರ ಭಾವನೆ ಯಾವಾಗ ನೋಯುತ್ತದೋ, ಯಾರ ಮೊಬೈಲಿನಲ್ಲಿ ಏನು ಓಡಾಡುತ್ತದೋ. ಠಾಣೆಯವರು ಹೆಡ್‌ಮಾಸ್ಟರನಾದ ನನ್ನಿಂದ ಮುಚ್ಚಳಿಕೆ ಬರೆಸಿಕೊಂಡರು: ಆಟ ಪುರಾಣದಲ್ಲಿರುವಂತೆಯೇ ನಡೆಯಬೇಕು, ಸಂಜೆ ಆರಕ್ಕೆ ಮುಗಿಯಬೇಕು, ತಪ್ಪಿದರೆ ನಾನೇ ಹೊಣೆ. ನಿವೃತ್ತಿಗೆ ಮೂರೇ ತಿಂಗಳಿತ್ತು. ಆದರೂ ರುಜು ಹಾಕಿದೆ.

ಕೂಲಿಂಗ್ ಗ್ಲಾಸ್

ಯಮನ ಪಾತ್ರ ಕಡೂರಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ಇಟ್ಟಿರುವ ನನ್ನ ಹಳೇ ಶಿಷ್ಯನದು. ಆರಡಿ ಆಳು, ಗಿರಿಜಾ ಮೀಸೆ. ಮೊದಲ ರಿಹರ್ಸಲಿಗೇ ಕರೀ ಕನ್ನಡಕ ಹಾಕಿ, ಗದೆ ಹೆಗಲ ಮೇಲಿಟ್ಟು, ಎದೆಮಟ್ಟ ನೀರಿನಲ್ಲಿ ನಡೆಯುವವನಂತೆ ಬಂದ. ರಂಗದ ನಡುವಿಗೆ ತಲುಪಲು ನನ್ನ ವಾಚಿನಲ್ಲಿ ನಾಲ್ಕು ನಿಮಿಷ.

"ಕಾಲಿಗೇನಾಯ್ತೋ?"

"ಸ್ಲೋ ಮೋಷನ್ ಸಾ. ಹೀರೋ ಎಂಟ್ರಿ."

"ಯಮನಿಗೆ ಕೂಲಿಂಗ್ ಗ್ಲಾಸ್ ಯಾವ ಪುರಾಣದಲ್ಲಿದೆಯೋ?"

"ಸೂರ್ಯನ ಮಗ ಅಲ್ವಾ ಸಾ ಅವ್ನು? ಹುಟ್ಟಿದಾಗ್ಲಿಂದ ಮನೇಲಿ ಅಷ್ಟು ಬೆಳಕು. ಕನ್ನಡಕ ಇಲ್ದೆ ಹೆಂಗಿರ್ತಾನೆ?"

ಮನೆಗೆ ಬಂದು ಇದ್ದಬದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಯಮ ಕನ್ನಡಕ ಹಾಕಬಾರದೆಂದು ಎಲ್ಲೂ ಬರೆದಿರಲಿಲ್ಲ.

ಹಾರ್ದಿಕ ಸುಸ್ವಾಗತ

ಆಟಕ್ಕೆ ಮೂರು ದಿನವಿರುವಾಗ ಕಡೂರಿನಿಂದ ಪರಿಚಯದ ಡಾಕ್ಟರ ಫೋನ್. "ಹೆಡ್ಮಾಸ್ಟ್ರೇ, ನಮ್ಮ ನರ್ಸಿಂಗ್ ಹೋಮ್ ಗೇಟಿನ ಹತ್ರ ಒಂದ್ಸಲ ಬಂದು ನೋಡಿ."

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಯಮನ ಗೆಳೆಯರು ಇಪ್ಪತ್ತಡಿ ಫ್ಲೆಕ್ಸ್ ಕಟ್ಟಿದ್ದರು. ಮೀಸೆ ತಿರುವುವ ಯಮ, ಕೈಯಲ್ಲಿ ಪಾಶ. ಕೆಳಗೆ, "ಯಮಧರ್ಮರಾಯರಿಗೆ ಹಾರ್ದಿಕ ಸುಸ್ವಾಗತ. ಭಾನುವಾರ ತಪ್ಪದೇ ಬರುತ್ತಿದ್ದಾರೆ."

"ಸೋಮವಾರ ಆಪರೇಷನ್ ಇದ್ದ ಹಿರೇನಲ್ಲೂರಿನ ಅಜ್ಜಿ ಡ್ರಿಪ್ ಕಿತ್ತಾಕಿ ಬಸ್ ಹತ್ತಿಬಿಟ್ರು ಕಣ್ರೀ," ಎಂದರು ಡಾಕ್ಟರು.

ಕಟ್ಟಿದವನನ್ನು ಹಿಡಿದು ಗದರಿದೆ. ಅವನು ತಲೆ ಕೆರೆದುಕೊಂಡ. "ಯಮಂಗೆ ಪರಿಚಯದೋರು ಇರೋ ಜಾಗ ಅಂದ್ರೆ ಇದೇ ಅಲ್ವಾ ಸಾ?"

ಒನ್ಸ್ ಮೋರ್

ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ. ಎರಡೂವರೆಗೆ ಸುದ್ದಿ ಬಂತು, ಸತ್ಯವಾನನಿಗೆ ವಾಂತಿ-ಭೇದಿ. ಅವನ ಮಾತೆಲ್ಲ ಬಾಯಿಗೆ ಬರುವವನು ನಾನೊಬ್ಬನೇ. ಬಣ್ಣ ಬಳಿಸಿಕೊಂಡು, ಕೊಡಲಿ ಹಿಡಿದು ರಂಗಕ್ಕೆ ಬಂದೆ.

ಮುಂದಿನ ಸಾಲಿನಿಂದ ಒಬ್ಬ ಅಂದ: "ಲೇ, ಸತ್ಯವಾನಂಗೆ ಅರವತ್ತಾಗೈತೆ. ಯಮ ಕರೆಕ್ಟ್ ಟೈಮಿಗೇ ಬತ್ತಾವ್ನೆ ಬಿಡು."

ಸತ್ತು ಬಿದ್ದೆ. ಹೆಣ ಉಸಿರಾಡಿದ್ದೂ ಕಾಣಬಾರದು ಎಂದು ರಿಹರ್ಸಲಿನಲ್ಲಿ ನಿಯಮ ಮಾಡಿದವನು ನಾನೇ. ಕಣ್ಣು ಮುಚ್ಚಿ ಕಾದೆ. ಯಮ ನಾಲ್ಕು ನಿಮಿಷ ನಡೆದು ಬಂದು, ಪಾಶ ಬೀಸಿ ನನ್ನ ಪ್ರಾಣ ಎಳೆದ. ಶಿಳ್ಳೆಯೋ ಶಿಳ್ಳೆ. ಫ್ಲೆಕ್ಸ್ ಕಟ್ಟಿದ್ದ ಅಭಿಮಾನಿಗಳು ರಂಗಕ್ಕೇ ಹತ್ತಿ ಯಮನಿಗೆ ಹಾರ ಹಾಕಿದರು. "ಒನ್ಸ್ ಮೋರ್!"

ನಮ್ಮ ಕಡೆ ನಾಟಕದಲ್ಲಿ ಒನ್ಸ್ ಮೋರ್ ಎಂದರೆ ಮತ್ತೆ ಮಾಡಲೇಬೇಕು, ಇಲ್ಲದಿದ್ದರೆ ಜನ ಮುಂದಕ್ಕೆ ಬಿಡುವುದಿಲ್ಲ. ಎದ್ದೆ. ಮತ್ತೆ ಸತ್ತೆ.

ಅಶರೀರವಾಣಿ

ಸಾವಿತ್ರಿಯಾಗಿದ್ದ ನಮ್ಮ ಕನ್ನಡ ಟೀಚರು ಗಂಡನ ಪ್ರಾಣ ಬೇಡಿದರು. ಯಮ ಈಗ ಸೋತು ಕೊಡಬೇಕು. ಅಷ್ಟರಲ್ಲಿ ಅಭಿಮಾನಿಗಳು ಕೂಗಿದರು: "ಅಣ್ಣಾ, ಬಿಟ್ಕೊಡ್ಬೇಡ! ನೀನು ಸೋಲೋದಾ?"

ಯಮ ಎದೆ ಸೆಟೆಸಿದ. "ಈ ಯಮ ಒಂದ್ಸಲ ಎತ್ತಿದ್ರೆ ಎತ್ತಿದ್ದೇ! ಕೊಡಲ್ಲ!"

"ಕೊಡ್ಬೇಕು ಕಣಪ್ಪಾ, ಹಂಗೇ ಇರೋದು," ಎಂದು ಟೀಚರು ಪಿಸುಗುಟ್ಟಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ಅರೆಗಣ್ಣಿನಲ್ಲಿ ಗಡಿಯಾರ ನೋಡಿದೆ. ಆರಕ್ಕೆ ಎಂಟು ನಿಮಿಷ. ರಂಗದ ಬದಿಯಲ್ಲಿ ಕಾನ್‌ಸ್ಟೇಬಲ್ ನೋಟ್‌ಬುಕ್ ಹಿಡಿದು ನಿಂತಿದ್ದ. ಪುರಾಣ ಬದಲಾಗುತ್ತಿತ್ತು, ನನ್ನ ಪಿಂಚಣಿ ಕಣ್ಣೆದುರೇ ಹೋಗುತ್ತಿತ್ತು, ನಾನೋ ಹೆಣ. ಬಾಯಿಬಿಟ್ಟರೆ ಅದೂ ಪುರಾಣಕ್ಕೆ ವಿರುದ್ಧ.

ಆಗ ಮೇಲಿನಿಂದ ಗುಡುಗಿನಂಥ ದನಿ. ನಲವತ್ತು ವರ್ಷ ನಾಟಕಗಳಿಗೆ ತಂತಿ ಎಳೆದಿರುವ ತರೀಕೆರೆಯ ಮೈಕ್‌ಸೆಟ್ ಸಾಹೇಬರು, ಎಕೋ ಹಾಕಿ ಮೈಕ್ ಹಿಡಿದಿದ್ದರು. "ಎಲೈ ಯಮನೇ! ಪ್ರಾಣ ತೆಗೆಯೋನು ವಿಲನ್ನು. ವಾಪಸ್ ಕೊಡೋನು ಹೀರೋ. ನೀನ್ಯಾರು, ಜಲ್ದಿ ಹೇಳು!"

ಯಮ ಯೋಚಿಸಿದ. ಅಭಿಮಾನಿಗಳೂ ಯೋಚಿಸಿದರು. ಯಮ ಮೆಲ್ಲಗೆ ಕನ್ನಡಕ ತೆಗೆದ. "ತಗೋ ತಾಯಿ, ನಿನ್ನ ಗಂಡನ್ನ!"

ಶಾಮಿಯಾನ ಹಾರಿಹೋಗುವಂತೆ ಶಿಳ್ಳೆ. ಎದ್ದು ಕೂತೆ. ಆರಕ್ಕೆ ಇನ್ನೂ ಐದು ನಿಮಿಷವಿತ್ತು. ಬದುಕಿದೆ ಎಂದುಕೊಂಡೆ.

"ಒನ್ಸ್ ಮೋರ್!"

ಜೀವ ಮತ್ತೆ ಬರಬೇಕಾದರೆ ಮೊದಲು ಮತ್ತೆ ಹೋಗಬೇಕಲ್ಲ. "ಈ ಸಲ ಓಡಿ ಬಾರೋ, ನಿನ್ನ ದಮ್ಮಯ್ಯ," ಎಂದು ಯಮನ ಕಿವಿಯಲ್ಲಿ ಬೇಡಿಕೊಂಡು ಮೂರನೆಯ ಸಲ ಸತ್ತೆ.

ಮರುದಿನ ಠಾಣೆಗೆ ಕರೆಸಿ ಕಾನ್‌ಸ್ಟೇಬಲ್ ಬರೆದ ವರದಿಯನ್ನು ಕೈಗಿಟ್ಟರು. ಎರಡೇ ಸಾಲು:

"ಹೆಡ್‌ಮಾಸ್ಟರು ಮೂರು ಬಾರಿ ತೀರಿಕೊಂಡರು. ಯಾರ ಭಾವನೆಗೂ ಧಕ್ಕೆಯಾಗಿರುವುದಿಲ್ಲ."